ಬ್ಯಾಂಕಾಕ್ ಸಂತೆಯಲ್ಲಿ ಅತ್ತೆಮ್ಮ

ನಾನು ಎಲ್ಲಿ ಎದೆ ಸೆಟೆಸಿಕೊಂಡು ಹೋಗುತ್ತೇನೋ ಅಲ್ಲೇ ನನಗೊಂದು ಫಜೀತಿ ಕಾದು ಕೂತಿರುತ್ತದೆ. ಹುಣಸೂರಿನಲ್ಲಿ ಹೊಲಿಗೆ ಅಂಗಡಿ ನಡೆಸಿ, ಸ್ವಂತ ದುಡಿಮೆಯಲ್ಲಿ ಅತ್ತೆಮ್ಮನನ್ನು ಬ್ಯಾಂಕಾಕ್ ಟೂರಿಗೆ ಕರೆದುಕೊಂಡು ಹೊರಟಾಗ ಮನೆಯವರೆಲ್ಲ ಬೇಡ ಎಂದರು. ಕೋಟೆ ಕಡೆಯ ಕಾಡಂಚಿನ ಹಳ್ಳಿಯವರು ಅತ್ತೆಮ್ಮ, ಮೈಸೂರಿನಿಂದಾಚೆ ಕಾಲಿಟ್ಟವರಲ್ಲ. ಕೈಯಲ್ಲಿ ಫೋನೂ ಇಲ್ಲ.

"ಅವ್ವನ್ನ ಅಲ್ಲೆಲ್ಲಾರ ಕಳ್ಕಂಡ್ರೆ ನೀವೂ ಅಲ್ಲೇ ಉಳ್ಕಂಬುಡಿ ಅತ್ಗೆ" ಎಂದ ಮೈದುನ.

"ಕಳೆಯೋಕೆ ಅವರೇನು ಛತ್ರಿನಾ?" ಎಂದು ಜಂಬದಲ್ಲೇ ವಿಮಾನ ಹತ್ತಿದೆ.

ಒಂದು ಸಂಜೆ ಟೂರಿನ ಬಸ್ಸು ನಮ್ಮನ್ನು ಬೀದಿ ಸಂತೆಯ ಮುಂದೆ ಇಳಿಸಿತು. ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಜಂಬ ಬಸ್ಸಿನಲ್ಲೇ ಉಳಿಯಿತು.

ಸೆರಗಿನ ಗಂಟು

ನನಗಿಂತ ಅತ್ತೆಮ್ಮನಿಗೇ ಭಯ ಜಾಸ್ತಿ. ಬೇಡ ಬೇಡ ಎಂದರೂ ಕೇಳದೆ, ತಮ್ಮ ಸೆರಗಿಗೆ ನನ್ನ ಸೆರಗು ಸೇರಿಸಿ ಬಿಗಿಯಾಗಿ ಗಂಟು ಹಾಕಿಬಿಟ್ಟರು. ನಾಲ್ಕು ಹೆಜ್ಜೆ ಹಾಕಿಲ್ಲ, ಎದುರಿನಿಂದ ಬಂದ ಒಬ್ಬ ಆರಡಿ ಬಿಳಿಯ ನಮ್ಮಿಬ್ಬರ ನಡುವೆ ನುಗ್ಗಿ, ಹಗ್ಗಕ್ಕೆ ಸಿಕ್ಕ ಹೋರಿಯಂತೆ ನಿಂತ. ಅವನು ಆ ಕಡೆ ತಿರುಗಿದರೆ ಅತ್ತೆಮ್ಮ ಎಳೆದು ಬರುತ್ತಾರೆ, ಈ ಕಡೆ ತಿರುಗಿದರೆ ನಾನು. ಸುತ್ತ ಜನ ಸೇರಿ ಮೊಬೈಲು ಎತ್ತಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆಮ್ಮ ಮಾತ್ರ ತಲೆ ಸವರಿಕೊಂಡು ನೆಟ್ಟಗೆ ನಿಂತರು:

"ನನ್ ಮದ್ವೇಲೂ ಇಷ್ಟು ಪೋಟ ತೆಗೀಲಿಲ್ಲ ಕಣಮ್ಮಿ!"

ಹುರಿದ ಹುಳ

ಗಂಟು ಬಿಚ್ಚಿ, ಅವರ ಕೈ ಹಿಡಿದು ನಡೆದೆ. ಒಂದು ಗಾಡಿಯಲ್ಲಿ ರೇಷ್ಮೆ ಹುಳ ಹುರಿದು ರಾಶಿ ಹಾಕಿದ್ದರು. ಅತ್ತೆಮ್ಮ ಊರಲ್ಲಿ ವರ್ಷಗಟ್ಟಲೆ ರೇಷ್ಮೆ ಸಾಕುವ ಹುಳು ಮನೆ ನೋಡಿಕೊಂಡವರು. ಸ್ನಾನ ಮಾಡದೆ ಅದರೊಳಗೆ ಯಾರನ್ನೂ ಬಿಟ್ಟವರಲ್ಲ. ಗಾಡಿಯವಳಿಗೆ ಕೈ ಚಾಚಿ ಕನ್ನಡದಲ್ಲೇ ಬೈಯತೊಡಗಿದರು: "ಮಕ್ಳಂಗೆ ಸಾಕೋ ಜೀವಾನ ಬಾಣ್ಲೆಗಾಕಿದ್ದೀಯಲ್ಲೇ!" ಚಾಚಿದ ಕೈಗೆ ಅವಳು ರುಚಿ ನೋಡಲೆಂದು ನಾಲ್ಕು ಹುಳ ಹಾಕಿದಳು.

ಜಗಳ ಆದೀತೆಂದು ಅತ್ತೆಮ್ಮನನ್ನು ಎಳೆದುಕೊಂಡು ಬಂದು, "ನೀವು ಗೂಡು ಮಾರಿದ ಮೇಲೆ ಒಳಗಿದ್ದ ಹುಳ ಏನು ಹಾರಿಹೋದವಾ?" ಎಂದೆ.

"ಮಗಳ್ನ ಕೊಟ್ಟ ಮೇಲೆ ಅತ್ತೆ ಮನೇಲಿ ಏನ್ ಮಾಡ್ಕತ್ತರೆ ಅಂತ ದಿನಾ ಹೋಗಿ ನೋಡಾಕಾದದಾ?" ಎಂದರು ಅತ್ತೆಮ್ಮ.

ಆನೆ ಇಲ್ಲದ ಚೀಲ

ನನಗೊಂದು ಕೈಚೀಲ ಬೇಕಿತ್ತು. ಎಲ್ಲ ಚೀಲದ ಮೇಲೂ ಆನೆ ಚಿತ್ರ. "ಊರಲ್ಲಿ ಪಟಾಕಿ ಹೊಡ್ದು ಓಡುಸ್ತೀವಿ, ಇಲ್ಲಿ ದುಡ್ ಕೊಟ್ಟು ಮನೇಗ್ ತರಾದಾ?" ಎಂದು ಅತ್ತೆಮ್ಮ ತಡೆದರು. ಕೊನೆಗೆ ಆನೆ ಇಲ್ಲದ್ದೊಂದು ಸಿಕ್ಕಿತು, ಅತ್ತೆಮ್ಮನ ಕೈ ಬಿಟ್ಟು ತಿರುಗಿಸಿ ನೋಡಿದೆ. ಹುಣಸೂರು ಸಂತೆಯ ಪದ್ಧತಿಯಂತೆ ಕೈಸನ್ನೆಯಲ್ಲೇ ಅರ್ಧ ಬೆಲೆ ಕೇಳಿ, ಅಂಗಡಿಯವನು ಆಗದು ಎಂದಾಗ ಮುಖ ತಿರುಗಿಸಿ ನಡೆದೆ. ನಮ್ಮಲ್ಲಿ ಅಂಗಡಿಯವನು "ಬನ್ನಿ ಅಕ್ಕ" ಎಂದು ಕರೆಯಲೇಬೇಕು. ತಿರುಗಿ ನೋಡಿದರೆ ಸೋತ ಹಾಗೆ. ಕರೆಯಲಿಲ್ಲ. ನಾನೂ ತಿರುಗಲಿಲ್ಲ. ಬೀದಿ ಮುಗಿಯಿತು, ನನ್ನ ಹಟ ಮುಗಿಯಲಿಲ್ಲ.

"ನೋಡಿದ್ರಾ ಅತ್ತೆಮ್ಮ, ಎಷ್ಟು ಸೊಕ್ಕು ಅವನಿಗೆ?" ಎಂದೆ.

ಪಕ್ಕದಲ್ಲಿದ್ದ ಯಾರೋ ಚೀನೀ ಅಜ್ಜಿ ಹೌದೆಂದು ತಲೆಯಾಡಿಸಿದಳು.

ಅತ್ತೆಮ್ಮ ಎಲ್ಲಿ?

ಬಂದ ದಾರಿಯಲ್ಲೇ ಓಡಿದೆ. ಎಲ್ಲ ಅಂಗಡಿಯೂ ಒಂದೇ ಥರ, ಎಲ್ಲ ಕಡೆಯೂ ಅದೇ ಆನೆಗಳು. ನಾನು ಶಾಲೆಗೆ ಹೋದವಳಲ್ಲ. ಬಸ್ಸಿನ ಬೋರ್ಡು, ಸಾಮಾನು ಕಟ್ಟಿದ ಪೇಪರು ನೋಡಿ ಓದು ಕಲಿತವಳು. ಅಲ್ಲಿ ಒಂದು ಬೋರ್ಡೂ ನನ್ನ ಕಣ್ಣಿಗೆ ಹತ್ತಲಿಲ್ಲ. "ಅತ್ತೆಮ್ಮಾ!" ಎಂದು ಕೂಗಿದರೆ ಊರಿಗೆ ಊರೇ ತಿರುಗಿ ನೋಡಿತು, ಅತ್ತೆಮ್ಮ ಒಬ್ಬರು ಬಿಟ್ಟು. ಬಸ್ಸು ಹೊರಡುವ ಹೊತ್ತು ಬೇರೆ. ಮೈದುನನ ಮುಖ ಕಣ್ಣ ಮುಂದೆ ಬಂತು. ದೇವರೇ, ಮನೆಗೆ ಏನೆಂದು ಫೋನು ಮಾಡಲಿ?

ಅಳುತ್ತಲೇ ಇನ್ನೊಂದು ಸುತ್ತು ಬಂದೆ. ಅಗೋ! ಅದೇ ಚೀಲದ ಅಂಗಡಿ. ಒಳಗೆ ಸ್ಟೂಲಿನ ಮೇಲೆ ಅತ್ತೆಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಾರೆ. ಅಂಗಡಿಯವನು ಗಾಬರಿಯಲ್ಲಿ ಗಾಳಿ ಬೀಸುತ್ತಿದ್ದಾನೆ, ಅವನ ಹೆಂಡತಿ ಎಳನೀರು ಹಿಡಿದು ನಿಂತಿದ್ದಾಳೆ. ಆ ಚೀಲ ಅತ್ತೆಮ್ಮನ ತೊಡೆಯ ಮೇಲಿದೆ.

ಓಡಿಹೋಗಿ ತಬ್ಬಿಕೊಂಡೆ. "ಹೆದರಿಬಿಟ್ರಾ ಅತ್ತೆಮ್ಮ? ಅಳಬೇಡಿ, ಬಂದೆನಲ್ಲ."

ಅತ್ತೆಮ್ಮ ಮೊಣಕೈಯಿಂದ ನನ್ನನ್ನು ತಿವಿದು, ಪಿಸುಗುಟ್ಟಿದರು:

"ಥೂ, ಇಷ್ಟ್ ಬೇಗ ಯಾಕಮ್ಮಿ ಬಂದೆ? ಸೊಸೆ ಬುಟ್ಟೋದ್ಲು ಅಂತ ಅತ್ತು ಅತ್ತು ಅರ್ಧಕ್ಕಿಳ್ಸಿದ್ದೆ. ಇನ್ನೊಸಿ ಹೊತ್ತು ಕಳ್ದೋಗಿದ್ರೆ ಸುಮ್ನೇ ಕೊಟ್ಬುಡ್ತಿದ್ದ!"