ಜಾಝ್ ಜಗಲಿಯ ಏಕೈಕ ಓದುಗ

ಮಂಡ್ಯ ಜಿಲ್ಲೆಯಲ್ಲಿ ಜಾಝ್ ವಿಮರ್ಶಕನಿಗೆ ಮರ್ಯಾದೆ ಇಲ್ಲ ಎಂಬುದು ಸಂಪತ್ ಕುಮಾರರ ಹಳೆಯ ಕೊರಗು. ಖಜಾನೆ ಕಚೇರಿಯಿಂದ ನಿವೃತ್ತರಾದ ಮರುದಿನವೇ ಅವರು ಮನೆಯ ಮುಂಗೋಣೆಯಲ್ಲಿ ಆಳೆತ್ತರದ ಸ್ಪೀಕರುಗಳನ್ನು ಪ್ರತಿಷ್ಠಾಪಿಸಿ, ವಾಟ್ಸಾಪಿನಲ್ಲಿ ‘ಜಾಝ್ ಜಗಲಿ’ ಎಂಬ ಅಂಕಣ ಶುರುಮಾಡಿದ್ದರು. ಶುಕ್ರವಾರಕ್ಕೊಂದು ವಿಮರ್ಶೆ, ಅದರ ಕೆಳಗೆ ಸಂಗೀತ ಕೇಳಲು ಲಿಂಕು. ಒಬ್ಬನನ್ನು ಬಿಟ್ಟರೆ ಓದುಗರೆಲ್ಲ ನೆಂಟರು. (ಅವರೆಲ್ಲ ಗುಂಪನ್ನು ಮ್ಯೂಟ್ ಮಾಡಿದ್ದು ಸಂಪತ್ ಕುಮಾರರೊಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.)

ಹೆಂಡತಿ ಆಂಡಾಳ್‌ಗೆ ಉಪ್ಪಿನಕಾಯಿ ಜಾಡಿ ಇಡಲು ಆ ಕೋಣೆ ಬೇಕಿತ್ತು. “ನೀವು ಬರೆದಿದ್ದನ್ನ ಓದಿ, ಆ ಸದ್ದು ಹಾಕ್ಕೊಂಡು ಕೇಳೋ ಒಬ್ಬ ಮನುಷ್ಯನ್ನ ಕಣ್ಣಿಗೆ ತೋರಿಸಿ, ಕೋಣೆ ನಿಮ್ದೇ. ಇಲ್ಲದಿದ್ರೆ ಸ್ಪೀಕರು ಅಟ್ಟಕ್ಕೆ,” ಎಂದರು.

ಸಂಪತ್ ಕುಮಾರರ ಬಳಿ ಅಂಥ ಒಬ್ಬ ಮನುಷ್ಯ ಇದ್ದ. ಮಳವಳ್ಳಿ ಕಡೆಯ ಬೋರಯ್ಯ. ಯಾರೋ ಕಳಿಸಿದ ವಿಮರ್ಶೆ ಓದಿ ಗುಂಪಿಗೆ ಸೇರಿದವನು, ಶನಿವಾರ ಬೆಳಗಾದರೆ ತಪ್ಪದೆ ‘ಚೆನ್ನಾಗ್ ಕೆಲಸ ಮಾಡ್ತು ಸಾ’ ಎಂದು ಬರೆಯುತ್ತಿದ್ದ. ಕಲೆ ಆತ್ಮದ ಮೇಲೆ ಮಾಡುವ ಕೆಲಸವನ್ನು ಇಷ್ಟು ಚುಟುಕಾಗಿ ಯಾವ ಪಂಡಿತನೂ ಹೇಳಿಲ್ಲ ಎಂದು ಸಂಪತ್ ಕುಮಾರರು ಬೀಗಿದರು. ಸನ್ಮಾನವೇನಾದರೂ ಮಾಡಿಯಾರೆಂದು ಇಸ್ತ್ರಿ ಜುಬ್ಬ ತೊಟ್ಟು, ಹೆಂಡತಿಯನ್ನು ಹೊರಡಿಸಿಕೊಂಡು, ಮದ್ದೂರಿನಲ್ಲಿ ಬಸ್ಸು ಬದಲಿಸಿ, ಮುತ್ತತ್ತಿ ರಸ್ತೆಯ ಬೋರಯ್ಯನ ಗದ್ದೆ ಮುಟ್ಟಿದರು.

ಕಬ್ಬಿನ ಗದ್ದೆಯ ನಡುವೆ ಅಟ್ಟಣೆ, ಅದರ ಮೇಲೆ ಕಾಡಿನ ಕಡೆಗೆ ಬಾಯಿ ತೆರೆದ ಧ್ವನಿವರ್ಧಕ. ಬಯಲಲ್ಲಿ ಜಾಝ್! ಸಂಪತ್ ಕುಮಾರರ ಕಣ್ಣು ಒದ್ದೆಯಾಯಿತು. ಇಡೀ ಊರಿಗೇ ಕೇಳಿಸುತ್ತೀಯೇನಪ್ಪ ಎಂದು ಕೇಳಿದರು.

“ಊರ್ಗಲ್ಲ ಸಾ, ಕಾಡಂದಿಗೋಳ್ಗೆ,” ಎಂದ ಬೋರಯ್ಯ.

ಪಟಾಕಿಗೂ ಜಗ್ಗದ ಹಂದಿಗಳು ಜಾಝಿಗೆ ಜಾಗ ಖಾಲಿ ಮಾಡುತ್ತಿದ್ದವಂತೆ. ವಿಮರ್ಶೆಯ ಒಂದಕ್ಷರವನ್ನೂ ಬಿಡದೆ ಓದಿಯೇ ಅವನು ಅವತ್ತಿನ ಸಂಗೀತ ಆರಿಸುತ್ತಿದ್ದದ್ದು. ಆದರೆ ಅವನಿಗೂ ಒಂದು ದೂರಿತ್ತು.

“ನೀವು ‘ರೌದ್ರ’ ಅಂತ ಬರ್ದಿದ್ದ ಆಕ್ದೆ ಸಾ, ಒಂದೂ ಇತ್ಲಾಗೆ ತಲೆ ಆಕ್ನಿಲ್ಲ. ಕಳ್ದ ವಾರ ‘ಹೃದಯ ತಣಿಸುತ್ತದೆ’ ಅಂತ ಬರುದ್ರಿ ನೋಡಿ, ಅದ ಆಕ್ಬುಟ್ಟು ಅರ್ಧ ಗದ್ದೆ ಓಯ್ತು. ಅವ್ಕೂ ತಣೀತು ಅಂತ ಕಾಣ್ತದೆ. ನಿಮ್ಗೆ ಎಲ್ಲಾನೂ ಇಷ್ಟ ಆಯ್ತದೆ ಸಾ, ಅದೇ ತೊಂದ್ರೆ.”

ವಿಮರ್ಶಕರು ಜುಬ್ಬದ ಇಸ್ತ್ರಿ ಸವರಿಕೊಂಡರು. ಪರಿಹಾರ ಹೇಳಿದವರು ಆಂಡಾಳ್. “ಯುಗಾದಿ ಆದ್ಮೇಲೆ ಇವರು ಒಂದು ಬರೆದಿದ್ರಲ್ಲ ಬೋರಯ್ಯನವರೇ, ಮೂರು ಜನ ಸೇರ್ಕೊಂಡು ಡ್ರಮ್ಮು ಚಚ್ಚೋದು, ಅದನ್ನ ಹಾಕಿ. ಅದು ಶುರುವಾದ್ರೆ ನಾನೇ ಮನೇಲಿ ನಿಲ್ಲಲ್ಲ.”

ಮರುದಿನ ಬೋರಯ್ಯನ ಸಂದೇಶ ಬಂದದ್ದು ಆಂಡಾಳ್ ಹೆಸರಿಗೆ. ಹಂದಿಗಳು ಹೊಳೆ ದಾಟಿದ್ದವಂತೆ.

ಈಗ ‘ಜಾಝ್ ಜಗಲಿ’ಯ ವಿಮರ್ಶಕಿ ಆಂಡಾಳ್. ತಾವು ಎಷ್ಟು ದೂರ ಓಡಿದರು ಎಂಬುದೇ ಅವರ ಅಳತೆಗೋಲು: ಹಿತ್ತಿಲ ತನಕ ಎಂದರೆ ಸಾಧಾರಣ, ಪಕ್ಕದ ಮನೆ ತನಕ ಎಂದರೆ ಉತ್ತಮ, ಮೇಲುಕೋಟೆಯ ತವರಿನ ತನಕ ಎಂದರೆ ಅತ್ಯುತ್ತಮ. ಕಾಡಂಚಿನ ಊರುಗಳಲ್ಲೆಲ್ಲ ಓದುಗರು ಹುಟ್ಟಿಕೊಂಡಿದ್ದಾರೆ. ಕೋಣೆ ಮಾತಿನಂತೆ ಸಂಪತ್ ಕುಮಾರರಿಗೇ ಉಳಿಯಿತು, ಹೇಳಿದ್ದನ್ನು ಹಾಕುವುದಕ್ಕೆ ಮತ್ತು ಟೈಪು ಮಾಡುವುದಕ್ಕೆ.

ಮೊನ್ನೆ ತಡೆಯಲಾರದೆ ಅವರು ತಮ್ಮ ಪ್ರಾಣಪ್ರಿಯವಾದ ಮೆಲ್ಲನೆಯ ಪಿಯಾನೋ ಒಂದನ್ನು ಹಾಕಿದರು. ಆಂಡಾಳ್ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತರು, ಆಮೇಲೆ ಕುರ್ಚಿ ಎಳೆದು ಕೂತು ಕಣ್ಣು ಮುಚ್ಚಿದರು. ಕಾಲಿನ ಹೆಬ್ಬೆರಳು ತಾಳ ಹಾಕುತ್ತಿತ್ತು. ಮದುವೆಯಾದಂದಿನಿಂದ ಕಾದಿದ್ದ ಗಳಿಗೆ ಕೊನೆಗೂ ಬಂತೆಂದು ಸಂಪತ್ ಕುಮಾರರು ಸದ್ದನ್ನು ಕೂದಲೆಳೆಯಷ್ಟು ಏರಿಸಿದರು.

ಪೂರ್ತಿ ಮುಗಿದ ಮೇಲೆ ಆಂಡಾಳ್ ಕಣ್ಣು ತೆರೆದರು.

“ತುಂಬಾ ಚೆನ್ನಾಗಿದೆ ರೀ,” ಎಂದರು. “ತೆಗೆದುಹಾಕಿ. ಇದನ್ನ ಕಳಿಸಿದ್ರೆ ಬೋರಯ್ಯನವರ ಗದ್ದೇಲಿ ಒಂದು ಜಲ್ಲೆ ಉಳಿಯಲ್ಲ.”