ನನ್ನ ಗುಣನಡತೆ ವಿಚಾರಿಸಲು ಬಂದವರು

ಅನುಮಾನ ಒಂದು ಕಾಯಿಲೆ ಎಂದು ಬಂದವರಿಗೆಲ್ಲ ತಿಳಿಹೇಳಿ ಹೊಟ್ಟೆ ಹೊರೆಯುವವಳು ನಾನು. ಆ ಕಾಯಿಲೆ ನನಗೂ ಇದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ. ಹುಣಸೂರಿನಲ್ಲಿ ಮನಸ್ಸಿನ ಡಾಕ್ಟರಾಗಿದ್ದರೆ ಅದು ತಾನಾಗಿ ಅಂಟುತ್ತದೆ. ನನ್ನ ಕ್ಲಿನಿಕ್ಕಿಗೆ ಬರುವವರು ಮೊದಲು ಪಕ್ಕದ ಜೆರಾಕ್ಸ್ ಅಂಗಡಿ ಹೊಕ್ಕು, ಅತ್ತಿತ್ತ ನೋಡಿ, ಹಿಂಬಾಗಿಲಿನಿಂದ ನುಸುಳುತ್ತಾರೆ. ಬೆಟ್ಟದಪುರದ ಯಜಮಾನರೊಬ್ಬರು "ಬಿಪಿ ನೋಡ್ಸಕ್ಕೆ ಬಂದಿವ್ನಿ ಕಣವ್ವ" ಎಂದು ವರ್ಷವಿಡೀ ತೋಳು ಚಾಚಿದರು. ನಾನೂ ಬಿಪಿ ಪಟ್ಟಿ ಸುತ್ತುತ್ತಲೇ ಅವರ ಮನಸ್ಸಿನ ಗಂಟು ಬಿಡಿಸಬೇಕಾಯಿತು.

ಇಂಥ ನಾನು, ಮದುವೆ ಗಿದುವೆ ಇಲ್ಲದೆ ನಲವತ್ತು ದಾಟಿದ ಮೇಲೆ, ಸೈನ್ಯದ ಆಸ್ಪತ್ರೆಗೆ ಮನೋವೈದ್ಯೆಯಾಗಿ ಆಯ್ಕೆಯಾದೆ. ಯಾಕೆ ಎಂದವರಿಗೆ ದೇಶಸೇವೆ ಎಂದೆ. ಒಬ್ಬರೂ ನಂಬಲಿಲ್ಲ. ಜೆರಾಕ್ಸ್ ಅಂಗಡಿಯ ರಫೀಕ್ ಸಾಹೇಬರು ದನಿ ತಗ್ಗಿಸಿ, "ಮೇಡಂ, ಕೇಸು ಗೀಸು ಏನಾರ ಆಗೈತಾ? ನಮ್ ಹತ್ರ ಹೇಳಿ, ಪರವಾಗಿಲ್ಲ" ಎಂದರು. ಕೆ.ಆರ್. ನಗರದ ಅಣ್ಣ ಫೋನ್ ಮಾಡಿ, ಊಟ ಸೇರುತ್ತದೆಯೇ ಎಂದು ವಿಚಾರಿಸಿದ. ಅದು ನಾನು ರೋಗಿಗಳಿಗೆ ಕೇಳುವ ಪ್ರಶ್ನೆ! ವರ್ಷಗಳಿಂದ ನನಗೆ ಉಪ್ಸಾರು ಕಳಿಸುವ ಎದುರುಮನೆಯ ಶಿವಮ್ಮನವರು ಮಾತ್ರ ಏನೂ ಕೇಳಲಿಲ್ಲ. ಅದೇ ನನಗೆ ಹೆಚ್ಚು ಅನುಮಾನ.

ಕೊನೆಗೆ ಉಳಿದದ್ದು ಪೊಲೀಸ್ ವಿಚಾರಣೆ. ಅವರು ಒಳ್ಳೆಯದು ಬರೆಯದಿದ್ದರೆ ನನ್ನ ಸೈನ್ಯ ಅಲ್ಲಿಗೇ ಮುಗಿಯಿತು. ಮಫ್ತಿಯಲ್ಲಿ ಬಂದ ದಫೇದಾರರು ನನ್ನ ಬಗ್ಗೆ ಶಿವಮ್ಮನವರನ್ನು ಕೇಳಿ, ಸಂಜೆ ಕ್ಲಿನಿಕ್ಕಿಗೆ ಬಂದು ತಲೆ ಕೆರೆದುಕೊಂಡರು. "ಮೇಡಂ, ನಿಮ್ಗೆ ಮೂವತ್ತೇ ವರ್ಸ, ಇನ್ನೂ ಎಳೇವ್ರು ಅಂತಲ್ಲ? ಜಿರಳೆ ಕಂಡ್ರೆ ಕಿರುಚ್ಕತೀರಂತೆ. ಪಟಾಕಿ ಅಂದ್ರೆ ಬಾಗ್ಲಾಕ್ಕತೀರಂತೆ. ಕೆಲ್ಸ ಬುಡು ಅಂದ್ರೆ ನಾಳೇನೇ ಬುಡ್ತೀರಂತೆ. ಏನಂತ ಬರ್ಕಳ್ಳಿ?" ನನಗೆ ಅರ್ಥವಾಯಿತು. ನಮ್ಮ ಕಡೆ ಅಪರಿಚಿತರು ಒಂಟಿ ಹೆಣ್ಣಿನ ಗುಣ ವಿಚಾರಿಸಿದರೆ ಅವರು ಗಂಡಿನ ಕಡೆಯವರೇ. ವಯಸ್ಸು ಇಳಿಸಿ, ಸಾಧುತನ ಏರಿಸಿ ಹೇಳುವುದು ನೆರೆಯವರ ಧರ್ಮ. ನಾಳೆ ಇನ್ನೊಮ್ಮೆ ಬನ್ನಿ ಎಂದು ದಫೇದಾರರಿಗೆ ಕೈಮುಗಿದು ಮನೆಗೆ ಓಡಿದೆ.

"ಅವರು ಸಂಬಂಧ ನೋಡೋಕೆ ಬಂದವರಲ್ಲಮ್ಮ, ಪೊಲೀಸ್!" ಎಂದೆ.

"ಗೊತ್ತು ಕಣವ್ವ. ಅವ್ನೇ ಯೋಳ್ದ" ಎಂದರು ಶಿವಮ್ಮನವರು. "ಗುಂಡು ಆರಿಸೋ ತಾವಕ್ಕೆ ನಿನ್ನ ಕಳ್ಸಕ್ಕೆ ನಾನ್ಯಾಕೆ ಒಳ್ಳೆ ಮಾತಾಡ್ಲಿ?" ಎಂದವರೇ ಸೆರಗನ್ನು ಕಣ್ಣಿಗೊತ್ತಿಕೊಂಡರು. ನಾನು ಇರುವುದು ಆಸ್ಪತ್ರೆಯಲ್ಲಿ, ಬಂದೂಕು ಹಿಡಿಯುವ ಹುಡುಗರ ಅಳು ಕೇಳಲು ಎಂದು ತಿಳಿಸಿ ಹೇಳುವಷ್ಟರಲ್ಲಿ ನಾನೇ ಅತ್ತುಬಿಟ್ಟೆ.

ಮರುದಿನ ಅವರು ದಫೇದಾರರ ಮುಂದೆ, "ಉಲಿ ಬಂದ್ರೂ ಎದ್ರ್ಕಳಕಿಲ್ಲ ನಮ್ಮ ಡಾಕ್ಟ್ರು, ಕರ್ಕಂಡೋಗಿ" ಎಂದು ಗಟ್ಟಿಯಾಗಿ ಹೇಳಿದರು. ನಾನೀಗ ಟ್ರಂಕು ತುಂಬುತ್ತಿದ್ದೇನೆ. ಆದರೂ ಒಂದು ಮಾತು. ಹಿಂದಿನ ದಿನ ಅಷ್ಟೊಂದು ಅತ್ತವರು ಮರುದಿನವೇ ಇಷ್ಟು ಸಲೀಸಾಗಿ ನನ್ನನ್ನು ಬಿಟ್ಟುಕೊಟ್ಟರಲ್ಲ, ಯಾಕಿರಬಹುದು?