ಗುಹೆಯೊಳಗೆ ಹಲ್ಲಿನ ಡಾಕ್ಟರು

ಹಲ್ಲಿನ ಡಾಕ್ಟರ ದುಃಖ ಏನೆಂದರೆ, ದಿನವಿಡೀ ಅವರ ಮುಂದೆ ಜನ ಬಾಯಿ ತೆರೆದುಕೊಂಡೇ ಕೂತಿರುತ್ತಾರೆ, ಆದರೆ ಒಬ್ಬರೂ ಮಾತಾಡುವುದಿಲ್ಲ. "ಹೊಸ ಮನೆ ಕಟ್ಟಿಸಿದ್ರಂತೆ?" ಎಂದು ಕೇಳಿದರೆ "ಆಁ." "ತಾಯಿಯವರು ಹೇಗಿದ್ದಾರೆ?" ಎಂದರೂ "ಆಁ." ಹೀಗಾಗಿ ಪ್ರಶ್ನೆಯನ್ನೂ ತಾವೇ ಕೇಳಿ, ಉತ್ತರವನ್ನೂ ತಾವೇ ಊಹಿಸಿ, ತಮ್ಮ ಜೋಕಿಗೆ ತಾವೇ ನಕ್ಕು, ಸಂಜೆ ಮನೆಗೆ ಬರುವ ಹೊತ್ತಿಗೆ ಡಾಕ್ಟರು ಸಂಭಾಷಣೆ ಎಂಬ ಪದಾರ್ಥಕ್ಕೆ ಹಸಿದು ಕಂಗಾಲಾಗಿರುತ್ತಿದ್ದರು.

ಮನೆಯಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. ಅವರ ಹೆಂಡತಿ ಡ್ರೈವಿಂಗ್ ಶಾಲೆ ನಡೆಸುವವರು. ಬೆಳಗಿನಿಂದ "ಬ್ರೇಕ್ ಒತ್ತಿ! ಅಯ್ಯೋ, ಅದಲ್ಲ ಬ್ರೇಕು!" ಎಂದು ಕೂಗಿ ಕೂಗಿ ಸಂಜೆಗೆ ಆಕೆಯ ಗಂಟಲು ಹರಿದ ತಮಟೆಯಂತಾಗಿರುತ್ತಿತ್ತು. ಡಾಕ್ಟರು ಚಪ್ಪಲಿ ಬಿಡುತ್ತಲೇ "ಇವತ್ತು ಏನಾಯ್ತು ಗೊತ್ತಾ..." ಎಂದು ಶುರುಮಾಡಿದರೆ, ಆಕೆ ಟ್ರಾಫಿಕ್ ಪೊಲೀಸರ ಹಾಗೆ ಅಂಗೈ ಎತ್ತಿ ತಡೆಯುತ್ತಿದ್ದರು.

"ರೀ, ದಮ್ಮಯ್ಯ ಅಂತೀನಿ, ಒಂದು ಗಂಟೆ ಸುಮ್ನಿರಿ. ಕಾಲೇಜಲ್ಲಿದ್ದಾಗ ಅದ್ಯಾವುದೋ ಕಂಪ್ಯೂಟರ್ ಆಟ ಆಡ್ತಿದ್ರಲ್ಲ, ಊರೂರಿನವರೆಲ್ಲ ಸ್ನೇಹಿತರಾಗಿದ್ರು ಅಂತ ಕೊಚ್ಚಿಕೊಳ್ತೀರಲ್ಲ, ಅಲ್ಲಿಗೆ ಹೋಗಿ ಮಾತಾಡಿ."

"ಅಲ್ಲಿ ಮಾತಾಡಿದ್ರೆ ನಿನಗೆ ಬೇಜಾರಿಲ್ವಾ?"

"ಬೇಜಾರಾ? ಬಾಗಿಲು ಮಾತ್ರ ಹಾಕ್ಕೊಳ್ಳಿ!"

ಡಾಕ್ಟರ ಮುಖ ಊರಗಲವಾಯಿತು. ಆ ಆಟವೆಂದರೆ ಅವರ ಯೌವನದ ಸುವರ್ಣಯುಗ. ಐದು ಜನ ಒಟ್ಟಾಗಿ ಗುಹೆ ಹೊಕ್ಕು ಕಲ್ಲುರಾಕ್ಷಸನನ್ನು ಕೊಲ್ಲಬೇಕು, ಇಷ್ಟೇ. ಆದರೆ ಆ ಐದು ಜನ ಸಿಗಬೇಕಲ್ಲ! ಆಟದೊಳಗಿನ ಊರಬಾಗಿಲಲ್ಲಿ ನಿಂತು "ಗುಹೆಗೆ ಯಾರು ಬರ್ತೀರಪ್ಪೋ" ಎಂದು ಕೂಗಬೇಕಿತ್ತು. ನಾಲ್ವರು ಬಂದರೆ ಐದನೆಯವನು ಒಣಗಿದ ಬಟ್ಟೆ ತರಲು ಮಹಡಿಗೆ ಹೋಗಿರುತ್ತಿದ್ದ. ಅವನಿಗೆ ಕಾಯುತ್ತಾ ಕೂತವರ ನಡುವೆ ಪರೀಕ್ಷೆ, ಪ್ರೇಮ, ತಲೆಹೊಟ್ಟು, ಎಲ್ಲವೂ ಚರ್ಚೆಯಾಗುತ್ತಿತ್ತು. ಎಷ್ಟೋ ದಿನ ರಾಕ್ಷಸ ಗುಹೆಯಲ್ಲಿ ಕಾದೂ ಕಾದೂ ಸುಸ್ತಾದನೇ ಹೊರತು ಇವರು ಒಳಗೆ ಹೋಗಲೇ ಇಲ್ಲ.

ಈಗ ನೋಡಿದರೆ ಊರಬಾಗಿಲಲ್ಲಿ ನರಪಿಳ್ಳೆಯಿಲ್ಲ. ಒಂದು ಗುಂಡಿ ಒತ್ತಿದರೆ ಸಾಕು, ಕಂಪ್ಯೂಟರೇ ಎಲ್ಲಿಂದಲೋ ಐದು ಜನರನ್ನು ಹೆಕ್ಕಿ ಗುಹೆಯೊಳಗೆ ಸುರಿಯುತ್ತಿತ್ತು. ಡಾಕ್ಟರು "ಎಲ್ಲರಿಗೂ ನಮಸ್ಕಾರ! ನನ್ನ ಪರಿಚಯ ಹೇಳಬೇಕೂಂದ್ರೆ..." ಎನ್ನುವಷ್ಟರಲ್ಲಿ ಉಳಿದ ನಾಲ್ವರು ಕೊನೇ ಬಸ್ಸು ಹಿಡಿಯುವವರ ಹಾಗೆ ಓಡಿ, ರಾಕ್ಷಸನನ್ನು ಚಚ್ಚಿ, ಬಂಗಾರ ಬಾಚಿಕೊಂಡು ಮಾಯ. ಹೋಗುವ ಮುಂಚೆ ಒಬ್ಬ ಮಾತ್ರ "ಜಿಜಿ" ಎಂದು ಬರೆದ.

ಡಾಕ್ಟರಿಗೆ ಕಣ್ಣು ತುಂಬಿ ಬಂತು. ಪಾಪ, ಅವಸರದಲ್ಲಿ 'ಅಜ್ಜಿ' ಎಂದು ಬರೆಯಲು ಹೋಗಿರಬೇಕು. "ಅಜ್ಜಿಗೆ ಏನಾಯ್ತಪ್ಪ? ಆಸ್ಪತ್ರೆಗೆ ಸೇರಿಸಿದ್ರಾ?" ಎಂದು ಕೇಳಿದರು. (ಅದು 'ಆಟ ಚೆನ್ನಾಗಿತ್ತು' ಎನ್ನುವುದಕ್ಕೆ ಈಗಿನವರು ಇಂಗ್ಲಿಷಿನಲ್ಲಿ ಉದುರಿಸುವ ಎರಡಕ್ಷರ ಎಂದು ಕ್ಲಿನಿಕ್ಕಿನ ನರ್ಸಮ್ಮ ತಿಳಿಸುವವರೆಗೂ ಡಾಕ್ಟರು ಕಾಣದ ಆ ಅಜ್ಜಿಗಾಗಿ ಮರುಗುತ್ತಲೇ ಇದ್ದರು.)

ಅವರು ಸೋಲೊಪ್ಪುವ ಜಾತಿಯಲ್ಲ. ಆಟದಲ್ಲೂ ಅವರದು ವೈದ್ಯನ ಪಾತ್ರ. ಗಾಯಗೊಂಡವರಿಗೆ ಇವರು ಮದ್ದು ಹಾಕದಿದ್ದರೆ ಯಾರೂ ಉಳಿಯುವಂತಿಲ್ಲ. ಮಾರನೆಯ ಸಂಜೆ ರಾಕ್ಷಸ ಒಬ್ಬ ಯೋಧನನ್ನು ಹಿಡಿದು ಒಗೆಯುತ್ತಿರುವಾಗ ಡಾಕ್ಟರು ಕೈಕಟ್ಟಿ ನಿಂತರು.

"ಮದ್ದು ಹಾಕ್ತೀನಿ. ಮೊದಲು ಹೆಸರು ಹೇಳಿ, ಏನು ಕೆಲಸ ಮಾಡ್ಕೊಂಡಿದ್ದೀರಿ ಹೇಳಿ, ನೋವು ಯಾವಾಗಿಂದ ಇದೆ ಹೇಳಿ."

ಯೋಧ ತುಟಿಪಿಟಿಕ್ಕೆನ್ನದೆ ಪ್ರಾಣಬಿಟ್ಟ. ಪರದೆಯ ಮೇಲೆ ಸೂಚನೆ ಮೂಡಿತು: ತಂಡದ ಬಹುಮತದಂತೆ ನಿಮ್ಮನ್ನು ಹೊರಹಾಕಲಾಗಿದೆ.

"ಸಾಯ್ತಾನೆ ಹೊರತು ಹೆಸರು ಹೇಳಲ್ಲ ಕಣೇ! ಎಂಥಾ ಕಾಲ ಬಂತು!" ಎಂದು ಡಾಕ್ಟರು ಅಡುಗೆಮನೆಗೆ ಬಂದು ಗೋಳಾಡಿದರು. ಹೆಂಡತಿ ಬಿಸಿನೀರು ಗುಟುಕರಿಸುತ್ತಾ, ಸತ್ತ ಯೋಧನ ಬಗ್ಗೆ ಅಪಾರ ಗೌರವ ತಾಳಿದರು.

ವಾರ ಕಳೆಯಿತು. ಒಂದು ಸಂಜೆ ಡಾಕ್ಟರು ಎಂದಿನಂತೆ ಮೈಕಿನಲ್ಲಿ ಗುಹೆಯ ಗೋಡೆಗಳಿಗೆ ತಮ್ಮ ಬಾಲ್ಯ ವರ್ಣಿಸುತ್ತಿದ್ದಾಗ, ಇದ್ದಕ್ಕಿದ್ದಂತೆ ಒಂದು ಕ್ಷೀಣ ಧ್ವನಿ ಕೇಳಿಸಿತು.

"ಡಾಕ್ಟ್ರೇ... ನೀವಾ?"

ಡಾಕ್ಟರು ಕುರ್ಚಿಯಿಂದ ಬೀಳುವುದೊಂದು ಬಾಕಿ. "ಯಾರಪ್ಪಾ? ಯಾರು ಮಾತಾಡಿದ್ದು?"

"ನಾನು, ಬ್ಯಾಂಕ್ ಮ್ಯಾನೇಜರ್. ಅರ್ಧ ಹಲ್ಲು ಕೊರೆಸಿಕೊಂಡು, ನಾಳೆ ಬರ್ತೀನಿ ಅಂತ ಹೋದವನು, ನೆನಪಿದ್ಯಾ? ಕುರ್ಚಿಗೆ ಹೆದರಿ ಇಲ್ಲಿ ಅಡಗಿದ್ದೆ. ಇಲ್ಲಾದ್ರೂ ಬಾಯಿ ಮುಚ್ಕೊಂಡಿರೋಕೆ ಬಿಡಿ, ಸ್ವಾಮಿ!"

ಅಷ್ಟೇ ಸಾಕಾಯಿತು. ಅಲ್ಲಿಯವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ ಉಳಿದ ಮೂವರೂ ಒಟ್ಟಿಗೆ ಬಾಯಿಬಿಟ್ಟರು.

"ಸಾರ್, ಹಲ್ಲಿನ ಡಾಕ್ಟರಾ? ನನಗೆ ತಣ್ಣೀರು ಕುಡಿದ್ರೆ ಜುಂ ಅನ್ನುತ್ತೆ."

"ನಮ್ಮತ್ತೆಗೆ ಹಲ್ಲುಸೆಟ್ಟು ಸಡಿಲ ಆಗಿದೆ, ಮಾತಾಡ್ವಾಗ ಬಿದ್ದೋಗುತ್ತೆ. ಬಿಗಿ ಮಾಡಿಸ್ಬೇಕಾ, ಹಾಗೇ ಬಿಡೋದು ಒಳ್ಳೇದಾ?"

"ಸಾರ್, ದವಡೆ ಹಲ್ಲು. ಫೋಟೋ ಕಳಿಸ್ಲಾ?"

ಈ ಮಹಾ ಸಂವಾದದ ನಡುವೆ ರಾಕ್ಷಸ ಐವರನ್ನೂ ಒಬ್ಬೊಬ್ಬರಾಗಿ ತುಳಿದು ಮುಗಿಸಿದ. ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಸುದ್ದಿ ಹಬ್ಬಿ, ಡಾಕ್ಟರು ಆಟಕ್ಕೆ ಕಾಲಿಟ್ಟರೆ ಸಾಕು, ಬರಿದಾಗಿದ್ದ ಊರಬಾಗಿಲಲ್ಲಿ ಕತ್ತಿ ಗುರಾಣಿ ಹಿಡಿದ ವೀರರ ಸಾಲು. ಎಲ್ಲರ ಕೈಯೂ ಕೆನ್ನೆಯ ಮೇಲಿದ್ದಂತೆಯೇ ಅವರಿಗೆ ಕಾಣುತ್ತಿತ್ತು. ಕ್ಲಿನಿಕ್ಕಿನಲ್ಲಿ ಹಲ್ಲು, ಗುಹೆಯಲ್ಲೂ ಹಲ್ಲು. ಅವರ ಜೋಕು ಕೇಳುವವರು ಇಲ್ಲೂ ಇರಲಿಲ್ಲ.

ಕೊನೆಗೆ ಡಾಕ್ಟರು ಹಲ್ಲು ಕಚ್ಚಿ ಮೈಕು ಕಿತ್ತೆಸೆದರು. ಪಾತ್ರದ ಹೆಸರು ಬದಲಿಸಿದರು. ಗುಂಡಿ ಒತ್ತುವುದು, ಓಡುವುದು, ಕೊಲ್ಲುವುದು, "ಜಿಜಿ" ಎನ್ನುವುದು. ಆಹಾ, ಎಂಥ ನೆಮ್ಮದಿ!

ಹೀಗೆ ನೆಮ್ಮದಿಯಾಗಿದ್ದ ಒಂದು ಸಂಜೆ, ತಂಡಕ್ಕೆ ಹೊಸಬಳೊಬ್ಬಳು ಬಂದು ಬಿದ್ದಳು. ಅವಳ ಪಾತ್ರ ಗೋಡೆಗೆ ಮುಖಮಾಡಿ ನಡೆಯುತ್ತಲೇ ಇತ್ತು. ನಡೆಯುತ್ತಾ ಬರೆಯುತ್ತಿತ್ತು: "ನಮಸ್ಕಾರ. ಎಲ್ಲರೂ ಚೆನ್ನಾಗಿದ್ದೀರಾ? ಇವತ್ತಿನ ದಿನ ಹೇಗಿತ್ತು?"

"ಶುರುವಾಯ್ತು ತಲೆನೋವು," ಎಂದು ಡಾಕ್ಟರು ಗೊಣಗಿದರು. "ಆಟಕ್ಕೆ ಬಂದ್ಮೇಲೆ ಆಟ ಆಡ್ಬೇಕಪ್ಪ. ಹರಟೆ ಹೊಡೆಯೋಕೆ ಮನೆಯಲ್ಲಿ ಗಂಡ ಇಲ್ವಾ ಇವಳಿಗೆ?" ಹೊರಹಾಕುವ ಗುಂಡಿಯನ್ನು ಎಲ್ಲರಿಗಿಂತ ಮೊದಲು ಒತ್ತಿದವರು ಅವರೇ. ಉಳಿದ ಮೂವರೂ ಒತ್ತಿದರು.

ಹಿಂದೆಯೇ ಬಾಗಿಲು ತೆರೆಯಿತು. ಹೆಂಡತಿ ನಿಂತಿದ್ದರು, ಕೈಯಲ್ಲಿ ಮೊಬೈಲು.

"ಪಾಪ, ಒಬ್ಬರೇ ಕೂತ್ಕೊಳ್ತೀರಿ, ಬಾಯಲ್ಲಿ ಆಗದಿದ್ರೂ ಬರೆದಾದ್ರೂ ಮಾತಾಡೋಣ ಅಂತ ನರ್ಸಮ್ಮನ ಹತ್ರ ಮೊಬೈಲಲ್ಲಿ ಆಡೋದು ಕಲಿತು, ನಿಮ್ಮ ಹೊಸ ಹೆಸರು ಹುಡುಕಿ ನಿಮ್ಮ ತಂಡಕ್ಕೇ ಬಂದೆ," ಎಂದರು ಆ ಹರಿದ ಗಂಟಲಲ್ಲಿ. "ಗಂಡ ಇಲ್ವಾ ಅಂದ್ರಲ್ಲ, ಗೋಡೆಯಾಚೆ ಚೆನ್ನಾಗಿ ಕೇಳಿಸ್ತು."

"ಅಯ್ಯೋ, ನೀನು ಅಂತ ಗೊತ್ತಿರ್ಲಿಲ್ಲ ಕಣೇ! ಏನಾದ್ರೂ ಹೇಳು, ಬೈಯೋದಾದ್ರೂ ಬೈ!"

ಆಕೆ ಮೊಬೈಲಿನಲ್ಲಿ ಏನನ್ನೋ ಒತ್ತಿದರು. ಡಾಕ್ಟರ ಪರದೆಯ ಮೇಲೆ ಸಂದೇಶ ಟಣ್ಣೆಂದಿತು: "ಇವತ್ತಿನ ಊಟದ ತಂಡದಿಂದ ನಿಮ್ಮನ್ನು ಸರ್ವಾನುಮತದಿಂದ ಹೊರಹಾಕಲಾಗಿದೆ. ಬೇಕಿದ್ದರೆ ಅಡುಗೆಯ ತಂಡದಲ್ಲಿ ಒಂದು ಜಾಗ ಖಾಲಿಯಿದೆ."

ಇರುವವರೇ ಇಬ್ಬರು, ಸರ್ವಾನುಮತ ಹೇಗಾಯಿತೆಂದು ಕೇಳಲು ಡಾಕ್ಟರು ಬಾಯಿ ತೆರೆದರು. ಆಕೆಯ ತುಟಿಯಂಚಿನಲ್ಲಿ ನಗು ಇಣುಕುತ್ತಿರುವುದು ಕಂಡಿತು. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿ, ಅಂಗಿಯ ತೋಳು ಮಡಿಸಿಕೊಂಡು, ಈರುಳ್ಳಿ ಹೆಚ್ಚಲು ನಡೆದರು.